ರಕ್ತ ಕೊಟ್ಟವರಿಗೆ ಲೆಕ್ಕ ಕೊಡುವವರಾರು?

ಮಲೆನಾಡಿನಲ್ಲಿ ಕೊಯ್ಲಿನ ಕಾಲವೆಂದರೆ ಬೆಳೆಗಾರನಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲದ ಕಾಲ. ಒಂದು ಕಡೆ ಅಡಿಕೆ ಕೊನೆ ಇಳಿಯುತ್ತಿರುತ್ತದೆ; ಇನ್ನೊಂದು ಕಡೆ ಸುಲಿತ, ಬೇಯಿಸುವುದು, ಒಣಗಿಸುವುದು. ಕಾಫಿ ಸೀಮೆಯಲ್ಲಿ ಹಣ್ಣು ಬಿಡಿಸಲು ಎಷ್ಟು ಆಳು ಬಂದರೂ ಸಾಲದು. ಕೊಟ್ಟಿಗೆಗೆ ಹಾಸಲು ಸೊಪ್ಪಿನ ಬೆಟ್ಟದಿಂದ ದರಗು ಗುಡಿಸಿ ತರುವುದೂ ಇದೇ ದಿನಗಳಲ್ಲಿ. ಮಂಗನ ಕಾಯಿಲೆಯ ಕಾಲವೂ ಇದೇ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಕಾಡಿನ ಉಣುಗಿನ ಮರಿಗಳು ದರಗಿನಲ್ಲಿ, ಹುಲ್ಲಿನಲ್ಲಿ ಕಾದು ಕುಳಿತಿರುತ್ತವೆ. ಸೋಂಕು ತಗಲಿದ ಉಣುಗು ಕಚ್ಚಿದರೆ ಏಕಾಏಕಿ ಜ್ವರ, ತಲೆನೋವು, ಕೈಕಾಲು ಸೆಳೆತ; ಕೆಲವರಲ್ಲಿ ರಕ್ತಸ್ರಾವ. ರೋಗ ತಗಲಿದ ನೂರು ಜನರಲ್ಲಿ ಮೂರರಿಂದ ಐದು ಮಂದಿ ಸಾಯುವುದುಂಟು.

ಈ ಕಾಲದಲ್ಲಿ ಆರೋಗ್ಯ ಇಲಾಖೆಯವರು ಮನೆ ಬಾಗಿಲಿಗೆ ಬರುತ್ತಾರೆ. ಕಾಡಿನಲ್ಲಿ ಮಂಗ ಸತ್ತದ್ದು ಕಂಡಿರಾ, ಮನೆಯಲ್ಲಿ ಯಾರಿಗಾದರೂ ಜ್ವರವೇ, ಲೈನಿನಲ್ಲಿರುವ ಆಳುಗಳಲ್ಲಿ ಯಾರಾದರೂ ಮಲಗಿದ್ದಾರೆಯೇ ಎಂದು ವಿಚಾರಿಸುತ್ತಾರೆ. ಜ್ವರವಿದ್ದವರ ರಕ್ತ ತೆಗೆಯುತ್ತಾರೆ, ಹೆಸರು, ವಯಸ್ಸು, ಊರು ಬರೆದುಕೊಳ್ಳುತ್ತಾರೆ. ಸಂಶೋಧನಾ ಸಂಸ್ಥೆಗಳವರೂ ಬರುತ್ತಾರೆ. ಸಾಗರ, ಸೊರಬ, ತೀರ್ಥಹಳ್ಳಿಗಳ ಕಡೆ ಇದು ಅಜ್ಜನ ಕಾಲದಿಂದ ನಡೆದುಕೊಂಡು ಬಂದ ಸಂಗತಿ. ಸರ್ಕಾರಿ ಕಾಗದಗಳಲ್ಲಿ ಇದಕ್ಕೆ ರೋಗ ಸರ್ವೇಕ್ಷಣೆ ಎಂದು ಹೆಸರು. ನಾವು ಸರಳವಾಗಿ ಆರೋಗ್ಯದ ಕಾವಲು ಎನ್ನೋಣ.

ಈ ಕಾವಲು ಬೇಕೇ ಬೇಡವೇ ಎಂಬುದು ಇಲ್ಲಿನ ಪ್ರಶ್ನೆಯಲ್ಲ. ಬೇಕೇ ಬೇಕು. ಆದರೆ ವರ್ಷ ವರ್ಷವೂ ರಕ್ತ ಕೊಟ್ಟ, ಹೆಸರು ಕೊಟ್ಟ, ಮನೆಯ ಸುದ್ದಿ ಕೊಟ್ಟ ಜನರಿಗೆ ಹಿಂದಕ್ಕೆ ಬಂದದ್ದೇನು? ಕೊಡುವವರಿಗೂ ಕೊಂಡೊಯ್ಯುವವರಿಗೂ ನಡುವೆ ಒಂದು ನ್ಯಾಯ, ಒಂದು ಲೆಕ್ಕ ಇರಬೇಡವೇ? ನಮ್ಮಲ್ಲೊಂದು ಗಾದೆಯಿದೆ: ಕೊಟ್ಟವ ಕೋಡಂಗಿ, ಈಸಿಕೊಂಡವ ಈರಭದ್ರ. ಆರೋಗ್ಯದ ಕಾವಲಿನಲ್ಲಿ ಈ ಗಾದೆ ನಿಜವಾಗಬಾರದು ಎಂಬುದೇ ಈ ಲೇಖನದ ಆಶಯ.

ಮಳೆ ಲೆಕ್ಕದ ಪುಸ್ತಕದಂತೆ

ದೀರ್ಘಕಾಲದ ಕಾವಲಿನ ಬೆಲೆಯನ್ನು ಬೆಳೆಗಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಳೆಯ ಕಾಫಿ ತೋಟಗಳಲ್ಲಿ ಮಳೆ ಲೆಕ್ಕದ ಪುಸ್ತಕ ಇರುತ್ತದೆ. ಒಂದು ವರ್ಷದ ಲೆಕ್ಕದಿಂದ ಹೆಚ್ಚೇನೂ ತಿಳಿಯದು. ಮೂವತ್ತು ನಲವತ್ತು ವರ್ಷ ಒಂದು ದಿನವೂ ತಪ್ಪದೆ ಬರೆದಿಟ್ಟಿದ್ದರೆ ಹೂಮಳೆ ಯಾವಾಗ ಬಂದೀತು, ಕೊಳೆಗೆ ಬೋರ್ಡೋ ಯಾವಾಗ ಹೊಡೆಯಬೇಕು ಎಂಬುದಕ್ಕೆ ಅದೇ ದಾರಿದೀಪ. ರೋಗದ ವಿಚಾರವೂ ಹೀಗೆಯೇ. ಯಾವ ಊರಲ್ಲಿ, ಯಾವ ತಿಂಗಳಲ್ಲಿ, ಎಂಥ ಕಾಡಿನ ಅಂಚಿನಲ್ಲಿ, ಯಾವ ಕೆಲಸ ಮಾಡುವವರಿಗೆ ರೋಗ ಬರುತ್ತದೆಂಬುದು ಹತ್ತಾರು ವರ್ಷಗಳ ಲೆಕ್ಕದಿಂದಲೇ ತಿಳಿಯಬೇಕು.

ಆದರೆ ಒಂದು ಮುಖ್ಯ ವ್ಯತ್ಯಾಸವಿದೆ. ಮಳೆಯನ್ನು ಅಳೆದರೆ ಮಳೆಗೆ ನೋವಿಲ್ಲ. ಮನುಷ್ಯನನ್ನು ಅಳೆಯುವಾಗ ಅವನಿಗೆ ನೋವಿದೆ, ಮಾನವಿದೆ, ಸಂಸಾರವಿದೆ. ಅಳೆಯುತ್ತಿರುವುದು ಏತಕ್ಕೆಂದು ತಿಳಿಯುವ ಹಕ್ಕೂ ಇದೆ.

ಕ್ಯಾಸನೂರಿನಿಂದ ಆರಂಭ

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಕೆಂಪು ಮೂತಿಯ ಮಂಗವೂ ಹೌದು, ಕಪ್ಪು ಮೂತಿಯ ಮುಸುವವೂ ಹೌದು. ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದರು. ಮಂಗ ಸಾಯುತ್ತಿರುವುದನ್ನು ಕಂಡು, ಅದುವರೆಗೆ ಏಷ್ಯಾ ಖಂಡಕ್ಕೆ ಕಾಲಿಡದ ಹಳದಿ ಜ್ವರವೇ ಬಂದಿತೋ ಎಂದು ವಿಜ್ಞಾನಿಗಳು ಮೊದಲು ಗಾಬರಿಯಾದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಪರೀಕ್ಷಿಸಿದಾಗ ಅದು ಜಗತ್ತಿಗೇ ಹೊಸ ವೈರಸ್ ಎಂದು ಗೊತ್ತಾಯಿತು. ಈ ಕೇಂದ್ರವನ್ನು 1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನವೂ ಸೇರಿ ಸ್ಥಾಪಿಸಿದ್ದವು. ಡಾ. ಟೆಲ್ಫರ್ಡ್ ವರ್ಕ್, ಡಾ. ಹೆರಾಲ್ಡ್ ಟ್ರಾಪಿಡೊ ಮೊದಲಾದವರು ಇಲ್ಲಿನ ಕಾಡು ಮೇಡು ಅಲೆದು ಕೆಲಸ ಮಾಡಿದರು.

ಆಗ ಶುರುವಾದ ಕಾವಲು ಇಂದಿಗೂ ನಿಂತಿಲ್ಲ. ಉಣುಗು ಹಿಡಿಯಲು ನೆಲದ ಮೇಲೆ ಬಟ್ಟೆ ಎಳೆದರು. ಇಲಿ, ಹೆಗ್ಗಣ, ಹಕ್ಕಿಗಳನ್ನು ಪರೀಕ್ಷಿಸಿದರು. ಊರೂರು ಸುತ್ತಿ ರಕ್ತ ಸಂಗ್ರಹಿಸಿದರು. ಇದು ಸುಖದ ಕೆಲಸವಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಪ್ರಯೋಗಾಲಯದಲ್ಲಿ ದುಡಿಯುತ್ತಿದ್ದ ಹಲವು ಸಿಬ್ಬಂದಿಗೇ ಈ ರೋಗ ತಗಲಿತು. ಮಂಗನ ಕಾಯಿಲೆ ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ, ಉಣುಗಿನಿಂದ ಬರುತ್ತದೆ, ಸತ್ತ ಮಂಗದ ಮೈಯಿಂದ ಉದುರಿದ ಉಣುಗುಗಳಿಂದ ಆ ಜಾಗ ಅಪಾಯದ ತಾಣವಾಗುತ್ತದೆ ಎಂಬ ತಿಳಿವಳಿಕೆಯೆಲ್ಲ ಬಂದದ್ದು ಈ ಕಾವಲಿನಿಂದಲೇ. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆ ಸುತ್ತಮುತ್ತ ರೋಗ ಭುಗಿಲೆದ್ದಾಗ, ಗೇರು ನೆಡಲು ಕಾಡು ಕಡಿದದ್ದಕ್ಕೂ ಅದಕ್ಕೂ ಸಂಬಂಧವಿದೆಯೆಂದು ಗುರುತಿಸಲಾಯಿತು. 2012ರ ನಂತರ ಬಂಡೀಪುರ, ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗದ ಕಡೆಗೂ ರೋಗ ಹಬ್ಬಿದ್ದು ತಿಳಿದುಬಂತು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಹಲವರು ಪ್ರಾಣ ಕಳೆದುಕೊಂಡರು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯೂ, ಸಿದ್ಧಾಪುರದಲ್ಲೂ ಪ್ರಕರಣಗಳು ಕಂಡಿವೆ. ಅಡಿಕೆಯವರ ರೋಗ, ಕಾಫಿಯವರಿಗೇನು ಎಂದು ಕೂರುವಂತಿಲ್ಲ.

ಇಷ್ಟೆಲ್ಲ ವಿಷಯ ವೈದ್ಯಕೀಯ ಪತ್ರಿಕೆಗಳಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಗಿದೆ. ರಕ್ತ ಕೊಟ್ಟ ಊರಿನ ಜನರಿಗೆ ಕನ್ನಡದಲ್ಲಿ ಎಷ್ಟು ತಲುಪಿತು? ಇಲ್ಲಿಂದಲೇ ತೊಡಕು ಶುರುವಾಗುವುದು.

ಹೇಳದೆ ಬಿಟ್ಟರೆ ಅನುಮಾನದ ಬೆಳೆ

ಮಂಗನ ಕಾಯಿಲೆಯ ವೈರಸ್ಸಿಗೂ ಸೈಬೀರಿಯಾ ಕಡೆಯ ಉಣುಗು ಜ್ವರದ ವೈರಸ್ಸಿಗೂ ಹತ್ತಿರದ ಹೋಲಿಕೆ ಕಂಡಿತು. ಅಷ್ಟು ದೂರದಿಂದ ಇದು ಇಲ್ಲಿಗೆ ಬಂದದ್ದು ಹೇಗೆ? ವಲಸೆ ಹಕ್ಕಿಗಳ ಮೈಮೇಲಿನ ಉಣುಗಿನ ಮೂಲಕ ಬಂದಿರಬಹುದೇ? ಇದನ್ನು ತಿಳಿಯಲು ಡಾ. ಸಲೀಂ ಅಲಿಯವರ ನೇತೃತ್ವದಲ್ಲಿ ಬೊಂಬಾಯಿ ನಿಸರ್ಗ ಚರಿತ್ರೆ ಸಂಘವು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಅಧ್ಯಯನ ನಡೆಸಿತು. ಈ ಕೆಲಸಕ್ಕೆ ಮೊದಲು ವಿಶ್ವ ಆರೋಗ್ಯ ಸಂಸ್ಥೆಯ ನೆರವಿತ್ತು. ನಂತರ ಅಮೆರಿಕದ ಸೇನೆಗೆ ಸೇರಿದ ಸಂಶೋಧನಾ ಯೋಜನೆಯೊಂದರಿಂದಲೂ ಹಣ ಬಂತು. ಅದು ಬಯಲಾದಾಗ ದೇಶದಲ್ಲಿ ದೊಡ್ಡ ಗದ್ದಲವೆದ್ದಿತು. ದೆಹಲಿಯಲ್ಲಿ ನಡೆದಿದ್ದ ಸೊಳ್ಳೆ ನಿಯಂತ್ರಣದ ಪ್ರಯೋಗದ ಜೊತೆಗೆ ಇದನ್ನೂ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಪರಿಶೀಲಿಸಿ, ವಿದೇಶಿ ನೆರವಿನ ಸಂಶೋಧನೆಗಳ ಬಗ್ಗೆ 1975ರಲ್ಲಿ ಕಟು ಟೀಕೆಯ ವರದಿ ಕೊಟ್ಟಿತು.

ಹಕ್ಕಿಗಳ ಅಧ್ಯಯನದಲ್ಲಿ ಕೆಟ್ಟ ಉದ್ದೇಶವಿರಲಿಲ್ಲವೆಂದು ಅದನ್ನು ನಡೆಸಿದವರು ಹೇಳುತ್ತಲೇ ಬಂದರು. ಇರಲಿಕ್ಕಿಲ್ಲ. ಆದರೆ ಹಣ ಯಾರದು, ಮಾದರಿಗಳು ಎಲ್ಲಿಗೆ ಹೋಗುತ್ತವೆ, ಫಲಿತಾಂಶ ಯಾರ ಕೈ ಸೇರುತ್ತದೆ ಎಂಬುದನ್ನು ಮೊದಲೇ ಬಿಚ್ಚಿ ಹೇಳಿದ್ದರೆ ಅನುಮಾನಕ್ಕೆ ಆಸ್ಪದವಿರುತ್ತಿರಲಿಲ್ಲ. ಮಂಗನ ಕಾಯಿಲೆ ಯಾರೋ ತಂದು ಬಿಟ್ಟದ್ದು ಎಂಬ ಮಾತು ಮಲೆನಾಡಿನ ಹಳ್ಳಿಗಳಲ್ಲಿ ಆಗಾಗ ಕೇಳಿಬರುವುದುಂಟು. ಆ ಮಾತಿಗೆ ಆಧಾರವಿಲ್ಲ. ಆದರೆ ಉತ್ತರ ಕೊಡದ ಕಡೆ ಗಾಳಿಸುದ್ದಿ ಬೆಳೆಯುವುದು, ಕಳೆ ತೆಗೆಯದ ತೋಟದಲ್ಲಿ ಕಳೆ ಬೆಳೆದಷ್ಟೇ ಸಹಜ.

ಲಸಿಕೆಯ ಮಾತು

1950ರ ದಶಕದ ಕೊನೆಯಲ್ಲಿ, ಸೈಬೀರಿಯಾದ ಉಣುಗು ಜ್ವರಕ್ಕೆ ಅಮೆರಿಕದಲ್ಲಿ ತಯಾರಾಗಿದ್ದ ಲಸಿಕೆಯನ್ನು ಶಿವಮೊಗ್ಗ ಜಿಲ್ಲೆಯ ಜನರಿಗೆ ಕೊಟ್ಟು ನೋಡಿದರು. ವೈರಸ್ಸುಗಳು ದಾಯಾದಿಗಳಾದ್ದರಿಂದ ಫಲ ಸಿಕ್ಕೀತೆಂಬ ನಿರೀಕ್ಷೆ. ಅದು ಫಲ ಕೊಡಲಿಲ್ಲ. ಮುಂದೆ ಮಂಗನ ಕಾಯಿಲೆಗೇ ಪ್ರತ್ಯೇಕ ಲಸಿಕೆ ಸಿದ್ಧವಾಗಿ, ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲಿ ತಯಾರಾಗಿ 1990ರ ಸುಮಾರಿನಿಂದ ಜನರಿಗೆ ದೊರೆಯಿತು. ಚುಚ್ಚಿದ ಜಾಗ ನೋಯುತ್ತದೆ, ಮತ್ತೆ ಮತ್ತೆ ಹಾಕಿಸಿಕೊಳ್ಳಬೇಕು. ಆದರೂ ಸಾವಿರಾರು ಜನ ತೋಳು ಒಡ್ಡಿದರು.

2005ರಿಂದ 2010ರವರೆಗಿನ ಲೆಕ್ಕ ತೆಗೆದು ನೋಡಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಒಂದು ಸಲ ಹಾಕಿಸಿಕೊಂಡರೆ ಹೇಳಿಕೊಳ್ಳುವಂಥ ರಕ್ಷಣೆಯಿಲ್ಲ, ಎರಡು ಸಲಕ್ಕೆ ಶೇಕಡ 62, ಮುಂದಿನ ಬಲವರ್ಧಕವನ್ನೂ ಹಾಕಿಸಿಕೊಂಡರೆ ಶೇಕಡ 83ರ ಆಸುಪಾಸು ಎಂದು ಅದು ಹೇಳಿತು. ನಂತರದ ಪರಿಶೀಲನೆಗಳಲ್ಲಿ ರಕ್ಷಣೆ ಇನ್ನೂ ಕಡಿಮೆ ಕಂಡಿತು. ಕೊನೆಗೆ 2022ರಲ್ಲಿ ಈ ಲಸಿಕೆಯನ್ನು ಕೊಡುವುದೇ ನಿಂತಿತು. ಹೊಸ ಲಸಿಕೆ ತಯಾರಿಸುವ ಕೆಲಸವನ್ನು ವೈದ್ಯಕೀಯ ಸಂಶೋಧನಾ ಮಂಡಳಿ ಕೈಗೆತ್ತಿಕೊಂಡಿದೆ.

ಇಲ್ಲಿ ಗಮನಿಸಬೇಕಾದದ್ದು ಒಂದು. ಒಂದು ಚುಚ್ಚಿನಿಂದ ರಕ್ಷಣೆಯಿಲ್ಲವೆಂಬುದು ಬೆಟ್ಟಕ್ಕೆ ಹೋಗುವವನಿಗೆ ಜೀವನ್ಮರಣದ ವಿಷಯ. ನನಗೆ ಲಸಿಕೆಯಾಗಿದೆ ಎಂಬ ಧೈರ್ಯದಿಂದ ಮೈಗೆ ಎಣ್ಣೆ ಹಚ್ಚದೆ, ಮೈ ಮುಚ್ಚದೆ ದರಗು ಗುಡಿಸಲು ಹೋಗುವವನಿಗೆ ಈ ಲೆಕ್ಕ ತಿಳಿದಿರಲೇಬೇಕು. ಕಾವಲಿನಿಂದ ಬಂದ ತಿಳಿವಳಿಕೆ ಮೊದಲು ಸೇರಬೇಕಾದದ್ದು ತೋಳು ಒಡ್ಡಿದವನ ಕಿವಿಗೆ.

ನೋಡುವುದು ಬೇರೆ, ನೋಡಿಕೊಳ್ಳುವುದು ಬೇರೆ

ರೋಗವನ್ನು ನೋಡುವುದೇ ಗುರಿಯಾಗಿ, ರೋಗಿಯನ್ನು ನೋಡಿಕೊಳ್ಳುವುದು ಮರೆತುಹೋದರೆ ಏನಾಗುತ್ತದೆಂಬುದಕ್ಕೆ ಜಗತ್ತಿನಲ್ಲಿ ಬಹುವಾಗಿ ಹೇಳುವ ಉದಾಹರಣೆ ಅಮೆರಿಕದ ಅಲಬಾಮಾ ರಾಜ್ಯದ ಟಸ್ಕೀಗಿಯದು. ಅಲ್ಲಿ ಸಿಕ್ಕಿಬಿದ್ದವರು ನಮ್ಮಂಥ ರೈತರೇ. ಪರರ ನೆಲದಲ್ಲಿ ಪಾಲಿಗೆ ಹತ್ತಿ ಬೆಳೆಯುತ್ತಿದ್ದ ಬಡ ಕರಿಯ ರೈತರು. 1932ರಲ್ಲಿ ಅಲ್ಲಿನ ಸರ್ಕಾರದ ಆರೋಗ್ಯ ಸೇವೆಯವರು ಸಿಫಿಲಿಸ್ ಎಂಬ ಲೈಂಗಿಕ ರೋಗವಿದ್ದ 399 ಗಂಡಸರನ್ನೂ ರೋಗವಿಲ್ಲದ 201 ಮಂದಿಯನ್ನೂ ಆರಿಸಿ ಕಾವಲಿಗೆ ತೆಗೆದುಕೊಂಡರು. ರೋಗದ ಹೆಸರನ್ನು ಅವರಿಗೆ ಹೇಳಲಿಲ್ಲ. ನಿಮ್ಮ ರಕ್ತ ಕೆಟ್ಟಿದೆ ಎಂದರು. ಬೆನ್ನುಹುರಿಯ ನೀರು ತೆಗೆಯುವ ಪರೀಕ್ಷೆಯನ್ನೇ ಚಿಕಿತ್ಸೆಯೆಂದು ನಂಬಿಸಿದರು. ಪರೀಕ್ಷೆಯ ದಿನ ಊಟ, ಸತ್ತ ಮೇಲೆ ಶವ ಕೊಯ್ದು ನೋಡಲು ಒಪ್ಪಿದರೆ ಮಣ್ಣು ಮಾಡುವ ಖರ್ಚು. 1940ರ ದಶಕದಲ್ಲಿ ಪೆನಿಸಿಲಿನ್ ಬಂದು ರೋಗ ವಾಸಿಯಾಗುವ ಕಾಲ ಬಂದ ಮೇಲೂ ಅವರಿಗೆ ಅದನ್ನು ಕೊಡಲಿಲ್ಲ. ಹೀಗೆ ನಲವತ್ತು ವರ್ಷ ನಡೆದು, 1972ರಲ್ಲಿ ಪತ್ರಿಕೆಯಲ್ಲಿ ಸುದ್ದಿಯಾದ ಮೇಲಷ್ಟೇ ನಿಂತಿತು. 1974ರಲ್ಲಿ ಒಂದು ಕೋಟಿ ಡಾಲರ್ ಪರಿಹಾರದ ಒಪ್ಪಂದವಾಯಿತು. ಅಧ್ಯಕ್ಷ ಕ್ಲಿಂಟನ್ ದೇಶದ ಪರವಾಗಿ ಕ್ಷಮೆ ಕೇಳಿದ್ದು 1997ರಲ್ಲಿ. ಆಗ ಬದುಕುಳಿದವರು ಬೆರಳೆಣಿಕೆಯಷ್ಟು ಮಂದಿ.

ಅದು ಮೋಸ. ಮೋಸವಿಲ್ಲದ ಕಡೆಯೂ ಪ್ರಶ್ನೆ ಏಳುತ್ತದೆಂಬುದಕ್ಕೆ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ ಮತ್ತೆ ಮತ್ತೆ ಸಮೀಕ್ಷೆ ನಡೆಸಿತು. ಸಕ್ರಿಯ ನಿಯಂತ್ರಣ ಕಾರ್ಯಕ್ರಮ ಇಲ್ಲದ ಕಡೆ ಕ್ಷಯ ತನ್ನ ಪಾಡಿಗೆ ಹೇಗೆ ನಡೆಯುತ್ತದೆಂದು ತಿಳಿಯುವುದು ಉದ್ದೇಶ. ಮೊದಲ ಸುತ್ತಿನಲ್ಲಿ ಕಫದಲ್ಲಿ ಕ್ರಿಮಿ ಕಂಡ 126 ಮಂದಿಯಲ್ಲಿ ಐದು ವರ್ಷ ಕಳೆಯುವಷ್ಟರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನ ತೀರಿಕೊಂಡಿದ್ದರು. ಮೂರರಲ್ಲಿ ಒಂದು ಪಾಲಿನವರ ಕಫದಲ್ಲಿ ಕ್ರಿಮಿ ಇಲ್ಲವಾಗಿತ್ತು. ಉಳಿದವರು ರೋಗ ಹೊತ್ತುಕೊಂಡೇ ಇದ್ದರು. 1974ರಲ್ಲಿ ಪ್ರಕಟವಾದ ಈ ಅಂಕಿಗಳನ್ನು ಜಗತ್ತಿನಾದ್ಯಂತ ಉದ್ಧರಿಸುತ್ತಾರೆ. ಕ್ಷಯದ ವಿರುದ್ಧ ಯೋಜನೆ ಹಾಕಲು ಅವು ಬಹಳ ನೆರವಾದವು.

ಆದರೆ ಕ್ಷಯದ ಮದ್ದು ಆಗಲೇ ಇತ್ತು. ಆಸ್ಪತ್ರೆಗೆ ಸೇರಿಸದೆ ಮನೆಯಲ್ಲೇ ಇಟ್ಟು ಮದ್ದು ಕೊಟ್ಟರೂ ವಾಸಿಯಾಗುತ್ತದೆಂದು ಮದರಾಸಿನ ಅಧ್ಯಯನ 1959ರಲ್ಲೇ ತೋರಿಸಿತ್ತು. ಆ ಕಾಲದಲ್ಲಿ ಹಳ್ಳಿಗೆ ಮದ್ದು ಮುಟ್ಟಿಸುವ ವ್ಯವಸ್ಥೆಯೇ ಇರಲಿಲ್ಲ, ಇದ್ದ ಸ್ಥಿತಿಯನ್ನು ಅಳೆದರು, ಅಷ್ಟೇ ಎಂದು ಸಮರ್ಥಿಸಬಹುದು. ಆ ಮಾತಿನಲ್ಲಿ ಸತ್ಯವೂ ಇದೆ. ಆದರೂ ಕೇಳಲೇಬೇಕು: ಇಂಥವನಿಗೆ ರೋಗವಿದೆ ಎಂದು ಗೊತ್ತಾದ ಕ್ಷಣದಿಂದ, ಗೊತ್ತುಮಾಡಿಕೊಂಡವನ ಮೇಲೆ ಒಂದು ಹೊಣೆ ಬೀಳುವುದಿಲ್ಲವೇ? ಬಾವಿಗೆ ಬಿದ್ದವನನ್ನು ಕಂಡು ನೀರು ಎಷ್ಟು ಆಳವಿದೆಯೆಂದು ಬರೆದುಕೊಂಡು ಹೋಗುವಂತಿಲ್ಲ. ಇವತ್ತಿನ ನಿಯಮಗಳ ಪ್ರಕಾರ ಅಂಥ ಸಮೀಕ್ಷೆಗೆ, ಚಿಕಿತ್ಸೆಯ ಏರ್ಪಾಡು ಕೈಯಲ್ಲಿಲ್ಲದೆ ಒಪ್ಪಿಗೆ ಸಿಗಲಾರದು.

ಹಂದಿಗೋಡಿನ ನೋವು

ಕ್ಯಾಸನೂರು ಕಾಡಿನಿಂದ ಬಹಳ ದೂರವೇನಿಲ್ಲ ಸಾಗರದ ಬಳಿಯ ಹಂದಿಗೋಡು. 1970ರ ದಶಕದ ಮಧ್ಯದಲ್ಲಿ ಅಲ್ಲಿ ಹೊಸದೊಂದು ಕಾಯಿಲೆ ಬೆಳಕಿಗೆ ಬಂತು. ಸೊಂಟ, ಮಂಡಿಗಳಲ್ಲಿ ತೀವ್ರ ನೋವು, ನಡೆಯಲಾಗದ ಸ್ಥಿತಿ, ಕೆಲವರಲ್ಲಿ ಕುಳ್ಳಾಗಿ ಉಳಿಯುವ ಮೈಕಟ್ಟು. ಹೆಚ್ಚಾಗಿ ಸಿಕ್ಕಿಬಿದ್ದವರು ಚನ್ನಂಗಿ, ಛಲವಾದಿ ಜನಾಂಗಗಳ ಬಡ ಕೂಲಿಕಾರರು. ಗದ್ದೆಗೆ ಹೊಡೆದ ಕೀಟನಾಶಕದ ಮೇಲೆ, ಗದ್ದೆಯ ಏಡಿ ತಿನ್ನುವುದರ ಮೇಲೆ ಮೊದಲು ಶಂಕೆ ಹೋಯಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಬಂದರು, ವೈದ್ಯಕೀಯ ಸಂಶೋಧನಾ ಮಂಡಳಿಯ ತಂಡಗಳು ಬಂದವು. ಎಕ್ಸ್‌ರೇ ತೆಗೆದರು, ರಕ್ತ ತೆಗೆದರು, ವಂಶವೃಕ್ಷ ಬರೆದರು. ಇದು ತಲೆಮಾರಿನಿಂದ ತಲೆಮಾರಿಗೆ ಬರುವ ಎಲುಬು ಕೀಲುಗಳ ರೋಗವೆಂದು ಮುಂದೆ ತೀರ್ಮಾನಕ್ಕೆ ಬಂದರು. ವೈದ್ಯಶಾಸ್ತ್ರಕ್ಕೆ ಅದೊಂದು ದೊಡ್ಡ ಗಳಿಕೆ. ಆದರೆ ತೆವಳಿಕೊಂಡು ಬಚ್ಚಲಿಗೆ ಹೋಗುವವನಿಗೆ ರೋಗದ ಹೆಸರು ತಿಳಿದರೆ ನೋವು ಕಡಿಮೆಯಾದೀತೇ? ಅವನಿಗೆ ಬೇಕಾದದ್ದು ನೋವಿನ ಮದ್ದು, ಊರುಗೋಲು, ಮಾಸಾಶನ, ಮಕ್ಕಳಿಗೆ ಕುಳಿತು ಮಾಡುವ ಉದ್ಯೋಗ.

ರೋಗಕ್ಕೆ ಊರಿನ ಹೆಸರಿಡುವುದೂ ಸಣ್ಣ ವಿಷಯವಲ್ಲ. ಕ್ಯಾಸನೂರು, ಹಂದಿಗೋಡು ಎಂಬ ಹೆಸರುಗಳು ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ರೋಗಗಳಾಗಿ ಉಳಿದಿವೆ. ಅಂಥ ಊರಿನಿಂದ ಹೆಣ್ಣು ತರುವಾಗ, ಅಂಥ ಊರಿಗೆ ಆಳು ಬರುವಾಗ ಜನ ಹಿಂದೆ ಮುಂದೆ ನೋಡಿದರೆ ಅದರ ನಷ್ಟ ಕಟ್ಟಿಕೊಡುವವರಾರು? ಹೊಸ ರೋಗಗಳಿಗೆ ಊರು, ಜನಾಂಗಗಳ ಹೆಸರಿಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಲಹೆ ಮಾಡಿತು. ನಮ್ಮ ಎರಡು ಊರುಗಳಿಗೆ ಆ ಬುದ್ಧಿಮಾತು ತಡವಾಗಿ ಬಂತು.

ಇಂದಿನ ನಿಯಮ ಏನು ಹೇಳುತ್ತದೆ

ಕಾವಲಿಗೂ ಸಂಶೋಧನೆಗೂ ಇರುವ ಭೇದ ತಿಳಿದಿರುವುದು ಒಳ್ಳೆಯದು. ರೋಗ ಹರಡುವುದನ್ನು ತಡೆಯಲು ಸರ್ಕಾರ ನಡೆಸುವುದು ಕಾವಲು. ಹೊಸ ತಿಳಿವಳಿಕೆಗಾಗಿ ನಡೆಸುವುದು ಸಂಶೋಧನೆ. ಕಾವಲಿನ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ 17 ಸೂತ್ರಗಳನ್ನು ಪ್ರಕಟಿಸಿದೆ. ಅದರ ಸಾರ ಇಷ್ಟು: ರೋಗದ ಮೇಲೆ ಕಣ್ಣಿಡುವುದು ಸರ್ಕಾರದ ಕರ್ತವ್ಯ, ಊರಿನ ಹಿತಕ್ಕಾಗಿ ಮಾಹಿತಿ ಕೊಡುವುದು ಜನರ ಕರ್ತವ್ಯ, ಆ ಮಾಹಿತಿಯಿಂದ ಜನರಿಗೆ ಹಾನಿಯಾಗದಂತೆ ಕಾಯುವುದು, ಫಲಿತಾಂಶವನ್ನು ಅವರಿಗೆ ತಲುಪಿಸುವುದು ಮತ್ತೆ ಸರ್ಕಾರದ ಕರ್ತವ್ಯ. ಸಾಲಕ್ಕೆ ಎರಡು ಕಡೆಯ ರುಜು ಬೇಕಲ್ಲ, ಹಾಗೆ.

ಸಂಶೋಧನೆಗೆ ನಿಯಮ ಇನ್ನೂ ಬಿಗಿ. ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿ 1980ರಲ್ಲಿ ಮೊದಲ ಬಾರಿಗೆ ನೀತಿ ಪ್ರಕಟಿಸಿ, 2000, 2006, 2017ರಲ್ಲಿ ಅದನ್ನು ವಿಸ್ತರಿಸಿತು. ಇದರ ಪ್ರಕಾರ ನೀತಿ ಸಮಿತಿಯೊಂದರ ಅನುಮತಿ ಇಲ್ಲದೆ ಸಂಶೋಧನೆ ನಡೆಸುವಂತಿಲ್ಲ. ಅವರವರಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಿ ಒಪ್ಪಿಗೆ ಪಡೆಯಬೇಕು. ಒಪ್ಪಿದವನು ಯಾವಾಗ ಬೇಕಾದರೂ ಹಿಂದೆ ಸರಿಯಬಹುದು. ಹಾಗೆ ಸರಿದನೆಂದು ಅವನ ಚಿಕಿತ್ಸೆಗೆ ಚ್ಯುತಿ ಬರಬಾರದು. ಸಂಶೋಧನೆಯಿಂದ ಹಾನಿಯಾದರೆ ಪರಿಹಾರ ಕೊಡಬೇಕು.

ತೊಡಕು ಎಲ್ಲಿ ಎಂದರೆ, ಒಂದೇ ಸೂಜಿಯಿಂದ ತೆಗೆದ ರಕ್ತ ಇವತ್ತು ಕಾವಲಿಗೆ, ನಾಳೆ ಸಂಶೋಧನೆಗೆ ಬಳಕೆಯಾಗಬಹುದು. ಜ್ವರಕ್ಕೆಂದು ಕೊಟ್ಟ ರಕ್ತವನ್ನು ಶೈತ್ಯಾಗಾರದಲ್ಲಿಟ್ಟು ಹತ್ತು ವರ್ಷದ ಮೇಲೆ ಬೇರೆ ಕೆಲಸಕ್ಕೆ ತೆಗೆಯಲೂ ಬರುತ್ತದೆ. ಅದು ತಪ್ಪೆಂದಲ್ಲ, ಹಾಗೆ ಆಗಬಹುದೆಂದು ಮೊದಲೇ ಹೇಳಿ ಒಪ್ಪಿಗೆ ಪಡೆದಿರಬೇಕು.

ಆಳುಗಳ ಒಪ್ಪಿಗೆ ನಮ್ಮ ಕೈಯಲ್ಲಿಲ್ಲ

ಇಲ್ಲಿ ಬೆಳೆಗಾರರಾದ ನಮಗೇ ಅನ್ವಯಿಸುವ ಮಾತೊಂದಿದೆ. ತೋಟಕ್ಕೆ ಬಂದ ಆರೋಗ್ಯ ಸಿಬ್ಬಂದಿ, ಸಂಶೋಧಕರು ಮೊದಲು ಮಾತಾಡಿಸುವುದು ತೋಟದ ಯಜಮಾನರನ್ನು. ಯಜಮಾನರು ಧಾರಾಳವಾಗಿ, ನಮ್ಮ ಲೈನಿನಲ್ಲಿ ಹತ್ತು ಜನ ಇದ್ದಾರೆ, ಎಲ್ಲರದ್ದೂ ತೆಗೆದುಕೊಳ್ಳಿ ಎಂದುಬಿಡುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಯಜಮಾನರ ಎದುರಿಗೆ ಆಳು ಬೇಡವೆನ್ನುವುದುಂಟೇ? ತೋಟಕ್ಕೆ ಬರಲು ಅಪ್ಪಣೆ ಕೊಡುವುದು ನಮ್ಮ ಅಧಿಕಾರ. ಇನ್ನೊಬ್ಬರ ತೋಳು ಒಡ್ಡಲು ಅಪ್ಪಣೆ ಕೊಡುವುದು ನಮ್ಮ ಅಧಿಕಾರವಲ್ಲ. ಸಂಶೋಧನಾ ಮಂಡಳಿಯ ನಿಯಮವೂ ಊರ ಮುಖ್ಯಸ್ಥರ ಅನುಮತಿ ಆಯಾ ವ್ಯಕ್ತಿಯ ಒಪ್ಪಿಗೆಗೆ ಬದಲಿಯಲ್ಲವೆಂದೇ ಹೇಳುತ್ತದೆ. ಬಯಲುಸೀಮೆಯಿಂದಲೋ ಹೊರರಾಜ್ಯದಿಂದಲೋ ಬಂದ ಆಳುಗಳಿಗೆ ಅವರ ಭಾಷೆಯಲ್ಲೇ ವಿಷಯ ತಿಳಿಸಬೇಕು. ನಾವು ಅಲ್ಲಿಂದ ಸ್ವಲ್ಪ ದೂರ ಸರಿದು ನಿಂತರೂ ಉಪಕಾರವೇ.

ಇನ್ನೊಂದು ಸಂಗತಿ. ರಕ್ತ ಕೊಟ್ಟು ರೋಗ ಖಚಿತವಾದ ಆಳಿನ ಕೂಲಿ ಹೋಗುತ್ತದೆ. ಸುದ್ದಿ ಹಬ್ಬಿದರೆ ಬೇರೆ ಆಳುಗಳೂ ಊರು ಬಿಡುತ್ತಾರೆ, ಕೊಯ್ಲು ನಿಲ್ಲುತ್ತದೆ. ಹೀಗಾಗಿ ಸತ್ತ ಮಂಗವನ್ನು ಕಂಡೂ ಕಾಣದಂತಿರುವ, ಜ್ವರವನ್ನು ಮುಚ್ಚಿಡುವ ಆಸೆ ಯಾರಿಗಾದರೂ ಬಂದೀತು. ಅದು ಬೆಂಕಿಯನ್ನು ಸೆರಗಿನಲ್ಲಿ ಕಟ್ಟಿಕೊಂಡಂತೆ. ಮಂಗ ಸತ್ತ ಸುದ್ದಿ ಮೊದಲ ದಿನವೇ ಮುಟ್ಟಿದರೆ ಆ ಜಾಗದ ಉಣುಗು ನಾಶಮಾಡಬಹುದು, ಜನರನ್ನು ಅತ್ತ ಹೋಗದಂತೆ ತಡೆಯಬಹುದು, ಮೈಗೆ ಹಚ್ಚುವ ಡೆಪಾ ಎಣ್ಣೆ ಹಂಚಬಹುದು. ತಡವಾದರೆ ಮುಂದಿನ ಸುದ್ದಿ ಮಂಗನದ್ದಾಗಿರುವುದಿಲ್ಲ, ಮನುಷ್ಯನದ್ದಾಗಿರುತ್ತದೆ. ಆದ್ದರಿಂದ ಸುದ್ದಿ ಕೊಟ್ಟವನಿಗೆ ನಷ್ಟವಾಗದಂತೆ ನೋಡಿಕೊಳ್ಳುವುದೂ ಕಾವಲಿನ ಒಂದು ಭಾಗವೇ. ಮಲಗಿದ ಆಳಿಗೆ ಆ ದಿನಗಳ ಕೂಲಿಯಲ್ಲಿ ಸ್ವಲ್ಪವಾದರೂ ಕೊಡುವ ತೋಟದಲ್ಲಿ ಜ್ವರ ಮುಚ್ಚಿಡುವವರು ಇರುವುದಿಲ್ಲ.

ಕೇಳಬೇಕಾದ ಪ್ರಶ್ನೆಗಳು

ರಕ್ತ ಕೊಡುವ ಮುನ್ನ, ಸಿಡುಕದೆ, ಹೆದರದೆ, ಮರ್ಯಾದೆಯಿಂದ ಈ ಕೆಳಗಿನ ಪ್ರಶ್ನೆಗಳನ್ನು ಯಾರು ಬೇಕಾದರೂ ಕೇಳಬಹುದು:

1. ಇದು ನನ್ನ ಜ್ವರದ ಪರೀಕ್ಷೆಗೋ, ಸಂಶೋಧನೆಗೋ, ಎರಡಕ್ಕೋ?

2. ಯಾವ ಸಂಸ್ಥೆಯ ಕೆಲಸ? ಹಣ ಯಾರದು? ಸಂಶೋಧನೆಯಾದರೆ ನೀತಿ ಸಮಿತಿಯ ಅನುಮತಿ ಪತ್ರ ಇದೆಯೇ?

3. ರಕ್ತ ಯಾವ ಪ್ರಯೋಗಾಲಯಕ್ಕೆ ಹೋಗುತ್ತದೆ? ಫಲಿತಾಂಶವನ್ನು ನನಗೆ ಯಾರು, ಎಷ್ಟು ದಿನದೊಳಗೆ ತಿಳಿಸುತ್ತಾರೆ?

4. ರೋಗವಿದೆಯೆಂದು ತಿಳಿದರೆ ಎಲ್ಲಿ ಸೇರಿಸುತ್ತೀರಿ? ಹೋಗಿ ಬರುವ, ಮದ್ದಿನ ಖರ್ಚು ಯಾರದು?

5. ಉಳಿದ ರಕ್ತವನ್ನು ಇಟ್ಟುಕೊಳ್ಳುತ್ತೀರಾ? ಎಷ್ಟು ಕಾಲ, ಏತಕ್ಕೆ?

6. ನನ್ನ ಹೆಸರು ಹೊರಗೆ ಬಾರದೆಂದು ಖಾತ್ರಿ ಏನು?

ಇವಕ್ಕೆ ಉತ್ತರ ಕೊಡಬಲ್ಲ ಸಿಬ್ಬಂದಿಗೆ ತೋಳು ಒಡ್ಡಲು ಹಿಂಜರಿಯಬೇಕಾಗಿಲ್ಲ. ಜ್ವರ ಬಂದ ಮೊದಲ ದಿನಗಳಲ್ಲೇ ರಕ್ತ ಕೊಟ್ಟರೆ ಮಂಗನ ಕಾಯಿಲೆ ಪತ್ತೆಯಾಗುವುದು ಸುಲಭ ಎಂಬುದನ್ನೂ ನೆನಪಿಡಿ. ಉತ್ತರ ಗೊತ್ತಿಲ್ಲವೆಂದು ಕಿರಿಯ ಸಿಬ್ಬಂದಿ ಹೇಳಿದರೆ ಅವರ ಮೇಲೆ ಹರಿಹಾಯುವುದು ಬೇಡ. ಬಿಸಿಲಲ್ಲಿ ಗುಡ್ಡ ಹತ್ತಿ ಬಂದವರು ಅವರು. ಉತ್ತರ ಕೊಡಬೇಕಾದವರು ಅವರನ್ನು ಕಳಿಸಿದ ಮೇಲಿನವರು.

ಸಂಘ ಮಾಡಬಹುದಾದದ್ದು

ಒಬ್ಬೊಬ್ಬರೇ ಕೇಳಿದರೆ ಉತ್ತರ ಸಿಗದಿರಬಹುದು. ಸಂಘ ಕೇಳಿದರೆ ಸಿಗುತ್ತದೆ. ಪ್ರತಿ ವರ್ಷ ಕೊಯ್ಲಿಗೆ ಮುಂಚೆ, ನವೆಂಬರಿನಲ್ಲಿ, ತಾಲ್ಲೂಕು ಆರೋಗ್ಯಾಧಿಕಾರಿಗಳನ್ನು ಸಂಘದ ಸಭೆಗೆ ಆಹ್ವಾನಿಸಬಹುದು. ಕಳೆದ ವರ್ಷ ನಮ್ಮ ಸೀಮೆಯಲ್ಲಿ ಎಷ್ಟು ರಕ್ತದ ಮಾದರಿ ತೆಗೆದಿರಿ, ಎಷ್ಟರಲ್ಲಿ ರೋಗ ಕಂಡಿತು, ಎಷ್ಟು ಮಂಗ ಸತ್ತವು, ಯಾವ ಯಾವ ಬೆಟ್ಟದ ಉಣುಗಿನಲ್ಲಿ ವೈರಸ್ ಇತ್ತು, ಈ ವರ್ಷ ಎತ್ತ ಎಚ್ಚರವಿರಬೇಕು ಎಂಬ ಐದು ಸಾಲಿನ ವರದಿಯನ್ನು ಕನ್ನಡದಲ್ಲಿ ಕೇಳಬಹುದು. ಆ ಸಭೆಗೆ ಕೂಲಿಕಾರರನ್ನೂ ಕರೆಯಬೇಕು, ಕಾಡಿಗೆ ಹೆಚ್ಚು ಹೋಗುವವರು ಅವರೇ. ಸಂಶೋಧನೆಗೆಂದು ಬರುವ ಹೊರಗಿನ ತಂಡಗಳು, ಕೆಲಸ ಮುಗಿದ ಮೇಲೆ ಒಮ್ಮೆ ಊರಿಗೆ ಮರಳಿ ಬಂದು, ಕಂಡದ್ದನ್ನು ಹೇಳಿ ಹೋಗಬೇಕೆಂದು ಮೊದಲೇ ಮಾತು ತೆಗೆದುಕೊಳ್ಳಬಹುದು. ಇದಕ್ಕೆ ಕಾನೂನು ತಿದ್ದಬೇಕಾಗಿಲ್ಲ, ಒಂದು ಪತ್ರ ಬರೆದರೆ ಸಾಕು.

ಸಂಘಕ್ಕೆ ಅಡಿಕೆ ಹಾಕಿದ ಸದಸ್ಯನಿಗೆ ತೂಕದ ಚೀಟಿ ಕೊಡುತ್ತೇವೆ, ವರ್ಷದ ಕೊನೆಗೆ ಜಮಾ ಖರ್ಚು ಒಪ್ಪಿಸುತ್ತೇವೆ. ಒಂದು ಕಿಲೋ ತೂಕ ಹೆಚ್ಚು ಕಡಿಮೆಯಾದರೂ ಮಹಾಸಭೆಯಲ್ಲಿ ಎದ್ದು ನಿಂತು ಕೇಳುವವರು ನಾವು. ಒಂದು ಸೀಸೆ ರಕ್ತಕ್ಕೂ ಅಷ್ಟೇ ಧೈರ್ಯದಿಂದ ಚೀಟಿ ಕೇಳಲು ಕಲಿಯಬೇಕು. ಲೆಕ್ಕ ಸಿಗುವ ಕಡೆ ಜನ ಮತ್ತೆ ಕೊಡುತ್ತಾರೆ, ಸತ್ತ ಮಂಗದ ಸುದ್ದಿಯನ್ನು ತಾವಾಗಿ ಮುಟ್ಟಿಸುತ್ತಾರೆ. ಮುಂದಿನ ಡಿಸೆಂಬರಿನಲ್ಲಿ ದರಗು ತರಲು ಬೆಟ್ಟ ಹತ್ತುವವರ ಜೀವ ಉಳಿಯುವುದು ಹಾಗೆ ಕೊಟ್ಟು ತೆಗೆದುಕೊಂಡ ನಂಬಿಕೆಯಿಂದ.